1953 ಎಂದು ಬರೆದ ಬಿಲ್ಲು

ಬಾಣ ಬಿಡುವ ಹಳೇ ಬಿಲ್ಲುಗಳ ನನ್ನ ಸಂಗ್ರಹದಲ್ಲಿ ಮೊದಲನೆಯದರ ಮೇಲೆ 1953 ಎಂದು ಬರೆದಿದೆ. ಅದು 1953ರ ಬಿಲ್ಲಲ್ಲ. ಮೊದಲನೆಯ ಸಂಗತಿ ಕಣ್ಣಿಗೆ ಬಿದ್ದ ದಿನದಿಂದ ಎರಡನೆಯದು ತಲೆಗೆ ಹೋಗುವವರೆಗೆ ಎಂಟು ತಿಂಗಳು ಬೇಕಾಯಿತು. ಅಷ್ಟರಲ್ಲಿ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ ಆಗಿತ್ತು. "ನಮ್ಮಪ್ಪ ಹುಟ್ಟಿದ ವರ್ಷದ್ದು ಕಣ್ರೀ ಇದು" ಅಂತ ಒಂದು ಡೈಲಾಗನ್ನೂ ರೂಢಿ ಮಾಡಿಕೊಂಡಿದ್ದೆ. ಅಪ್ಪನಿಗೂ ಫೋನ್ ಮಾಡಿ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ನೆಟ್ಟಗಿದೆಯೇನೋ ಅದು?" ಎಂದು ಕೇಳಿದರು. ಬಿಲ್ಲು ನೆಟ್ಟಗಿದ್ದರೆ ಹೇಗಪ್ಪಾ ಅಂದೆ. ಇಬ್ಬರೂ ನಕ್ಕೆವು.

ಬಿಲ್ಲು ಸಿಕ್ಕಿದ್ದು ಅಮೆರಿಕದ ಮಿಶಿಗನ್‌ನ ಒಂದು ಗ್ಯಾರೇಜ್ ಸೇಲ್‌ನಲ್ಲಿ, 60 ಡಾಲರ್‌ಗೆ. ಹಳೇ ಟೆನಿಸ್ ರಾಕೆಟ್‌ಗಳ ಜೊತೆ ಒಂದು ಡಬ್ಬದಲ್ಲಿ ನಿಲ್ಲಿಸಿದ್ದರು. ಬೇರ್ ಆರ್ಚರಿ ಅನ್ನುವ ಬಿಲ್ಲು ಕಂಪನಿಯ ಗ್ರಿಜ್ಲಿ ಮಾಡೆಲ್, ಬೇಟೆಯ ರಿಕರ್ವ್, ಅಂದರೆ ತುದಿ ಹೊರಕ್ಕೆ ತಿರುಗಿದ ಜಾತಿಯ ಬಿಲ್ಲು. ನಾನು ಬೇಟೆಯಾಡುವವನಲ್ಲ. ಕೋಳಿ ಕೊಯ್ಯುವುದನ್ನು ನೋಡಲೂ ಧೈರ್ಯ ಸಾಲದು. ಆದರೆ ಆ ಬಿಲ್ಲಿನ ತುದಿಗಳು ಹೊರಕ್ಕೆ ತಿರುಗಿಕೊಂಡ ರೀತಿ, ಒಳಗಿನ ಮೇಪಲ್ ಮರ, ಅದರ ಎರಡೂ ಬದಿಗೆ ಅಂಟಿಸಿದ ತೆಳು ಫೈಬರ್‌ಗ್ಲಾಸು, ಅಂಗೈಗೆ ಹೇಳಿ ಮಾಡಿಸಿದಂಥ ಹಿಡಿ. ಕೈಗೆತ್ತಿಕೊಂಡ ಮೇಲೆ ಕೆಳಗಿಡಲು ಆಗಲಿಲ್ಲ. ಮತ್ತೆ, 1953! ಅದನ್ನು ಓದಿದ ಮೇಲೆ ಚೌಕಾಸಿ ಮಾಡುವುದೂ ಮರೆತುಹೋಯಿತು.

ನಾನು ಅಭ್ಯಾಸಕ್ಕೆ ಹೋಗುವ ಕ್ಲಬ್ಬಿನಲ್ಲಿ ಒಬ್ಬ ಅಜ್ಜ ಇದ್ದಾರೆ. ಎಂಬತ್ತು ದಾಟಿದೆ. ಈಗ ಬಿಲ್ಲು ಎಳೆಯುವ ಶಕ್ತಿ ಇಲ್ಲ, ಕುರ್ಚಿ ಹಾಕಿಕೊಂಡು ಬೇರೆಯವರು ಗುರಿ ತಪ್ಪುವುದನ್ನು ನೋಡುತ್ತಾರೆ. ಅವರ ಕೈಗೆ ಹೆಮ್ಮೆಯಿಂದ ಗ್ರಿಜ್ಲಿ ಕೊಟ್ಟು 1953 ಅಂದೆ. ಅಜ್ಜ ಬರಹದ ಕಡೆ ನೋಡಲೇ ಇಲ್ಲ. ಹಿಡಿಯ ಪಕ್ಕದಲ್ಲಿ ಮರಕ್ಕೆ ಕೂರಿಸಿದ್ದ, ಕರಡಿಯ ಚಿತ್ರವಿರುವ ಸಣ್ಣ ಲೋಹದ ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಬಿಲ್ಲೆ ಮರದ ಮಟ್ಟಕ್ಕೇ ಇತ್ತು, ಉಗುರಿಗೆ ಅಂಚು ಸಿಗುತ್ತಿರಲಿಲ್ಲ. "ಇದು ಇದ್ದ ಮೇಲೆ 53 ಹೇಗಾಗುತ್ತೆ?" ಅಂದರು. ಬೇರ್ ಬಿಲ್ಲುಗಳಿಗೆ ಬಿಲ್ಲೆ ಬಂದಿದ್ದೇ 1959ರಲ್ಲಿ. ಅದಕ್ಕೆ ಮುಂಚೆ ಬರೀ ಸ್ಟಿಕರಿನಂಥ ಚಿತ್ರ. ಆಮೇಲೆ ಕನ್ನಡಕ ಹಾಕಿಕೊಂಡು, ನಾನು ಎಂಟು ತಿಂಗಳು ಅರ್ಧ ಮಾತ್ರ ಓದಿದ್ದ ಸಾಲನ್ನು ಪೂರ್ತಿ ಓದಿ ಹೇಳಿದರು. ಮೊದಲು ಅಮೆರಿಕದ ಪೇಟೆಂಟ್ ಸಂಖ್ಯೆ 2,613,660. ಅದರ ಪಕ್ಕದಲ್ಲಿ "ಕೆನಡಾ 1953". ಅಂದರೆ ಕೆನಡಾದಲ್ಲಿ ಪೇಟೆಂಟ್ ಆದ ವರ್ಷ. ಅರವತ್ತರ ದಶಕದ ಬಿಲ್ಲುಗಳ ಮೇಲೂ ಅದೇ ಸಾಲು ಇದೆ. ನನ್ನದು ಆ ದಶಕದ ಕೊನೆಯದು ಅಂತ ಅಜ್ಜ ಲೆಕ್ಕ ಹಾಕಿದರು. ಹಿತ್ತಾಳೆಯ ಬಿಲ್ಲೆ, 58 ಇಂಚು ಉದ್ದ, ಹಿಡಿಯ ಆಕಾರ, ಎಲ್ಲ ನೋಡಿ.

ನನಗೆ ಬೇಜಾರಾಗಿದ್ದು ವರ್ಷ ತಪ್ಪಿದ್ದಕ್ಕಲ್ಲ. ಆ "ಕೆನಡಾ" ಅನ್ನೋ ಪದ ನನ್ನ ಕಣ್ಣಿಗೆ ಬಿದ್ದಿತ್ತು. ಏನೋ ಇರಬೇಕು, ಅಲ್ಲಿಗೂ ಕಳಿಸುತ್ತಿದ್ದರೇನೋ ಅಂತ ಬಿಟ್ಟಿದ್ದೆ. ಬೇಕಾದ್ದನ್ನು ಓದಿ, ಬೇಡದ್ದನ್ನು ಸರಿಸಿ, ಕಥೆ ಕಟ್ಟಿಕೊಂಡಿದ್ದೆ. ಅವತ್ತಿನಿಂದ ಬಿಲ್ಲಿನ ಮೇಲೆ ಬರೆದದ್ದನ್ನು ಎಲ್ಲಕ್ಕಿಂತ ಕೊನೆಗೆ ಓದುತ್ತೇನೆ. ಆ ಬರಹ ಯಾವುದೂ ನನ್ನಂಥ ಸಂಗ್ರಹಕಾರನಿಗೆ ಅಂತ ಬರೆದದ್ದಲ್ಲ. ಒಂದು ವಕೀಲರಿಗೆ, ಇನ್ನೊಂದು ಅಂಗಡಿಯವನಿಗೆ, ಮತ್ತೊಂದು ಹೆದೆ ಕೊಳ್ಳುವವನಿಗೆ.

ಊರಿನ ಹೆಸರು, ಬಿಲ್ಲೆ, ಸಂಖ್ಯೆ

ಬರಹದಲ್ಲಿ ನಾನು ಸ್ವಲ್ಪ ಹೆಚ್ಚು ನಂಬುವುದು ಊರಿನ ಹೆಸರನ್ನು. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರು ಮಾಡಿದ ಕೆಲಸ 1947ರಲ್ಲಿ ಮಿಶಿಗನ್‌ನ ಗ್ರೇಲಿಂಗ್‌ಗೆ ಹೋಯಿತು. 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ. ಹಾಗಾಗಿ ಗೇನ್ಸ್‌ವಿಲ್ ಅಂತ ಬರೆದ ಬಿಲ್ಲನ್ನು ಯಾರಾದರೂ "ಅರವತ್ತರ ದಶಕದ್ದು" ಅಂದರೆ ನಕ್ಕು ಮುಂದೆ ಹೋಗಬಹುದು. ಬಿಲ್ಲೆಯೂ ಹಾಗೇ. ತಾಮ್ರ, ಅಲ್ಯೂಮಿನಿಯಂ, ಹಿತ್ತಾಳೆ ಅಂತ ಲೋಹ ಬದಲಾಗುತ್ತಾ ಬಂತು. ಎಪ್ಪತ್ತರ ದಶಕದಲ್ಲಿ ಮರದ ಮೇಲೆ ಉಬ್ಬಿ ನಿಲ್ಲುವ ಪ್ಲಾಸ್ಟಿಕ್ ಬಿಲ್ಲೆ ಬಂತು. ಕತ್ತಲಲ್ಲಿ ಬೆರಳಿಟ್ಟರೂ ಗೊತ್ತಾಗುತ್ತೆ. ಹಿಡಿಯ ಮರವೂ ಮಾತಾಡುತ್ತದೆ. ಬೇರ್‌ನವರದೇ ಇನ್ನೊಂದು ಮಾಡೆಲ್ ಆದ ಕೆಲವು ಹಳೇ ಕೋಡಿಯಾಕ್‌ಗಳಲ್ಲಿ ರೋಸ್‌ವುಡ್, ಅಂದರೆ ನಮ್ಮ ಬೀಟೆಯ ಬ್ರೆಜಿಲ್ ಸಂಬಂಧಿ, ಇರುತ್ತದೆ. ಆ ಬ್ರೆಜಿಲ್ ಮರಕ್ಕೆ 1992ರಿಂದ ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ಅತ್ಯಂತ ಬಿಗಿ ನಿಯಮ ಇದೆ. ದೇಶದ ಗಡಿ ದಾಟಿಸಿ ಮಾರುವ ಕೊಳ್ಳುವ ಆಲೋಚನೆ ಇದ್ದವರು ಮೊದಲು ಅದನ್ನು ವಿಚಾರಿಸಬೇಕು.

ತೂಕ ಮತ್ತು ಉದ್ದದ ಬರಹವನ್ನು ತಪ್ಪು ಓದುವವರೂ ಜಾಸ್ತಿ. 45 ಅಂತ ಬರೆದಿದ್ದರೆ ಬಿಲ್ಲಿನ ತೂಕ ಅಷ್ಟು ಪೌಂಡ್ ಅಂತಲ್ಲ. 28 ಇಂಚಿನವರೆಗೆ ಎಳೆದಾಗ ಬೆರಳಿನ ಮೇಲೆ ಬೀಳುವ ಭಾರ ಅದು. 45ರ ಪಕ್ಕ ಒಂದು ಎಕ್ಸ್ ಇದ್ದರೆ ಭಾರ ಬರೆದದ್ದಕ್ಕಿಂತ ತುಸು ಜಾಸ್ತಿ ಎಂದರ್ಥ. ಅದನ್ನು ನೋಡಿ "ಇದು ಸ್ಪೆಷಲ್ ಮಾಡೆಲ್" ಅಂತ ಮಾರುವವರನ್ನೂ ಕಂಡಿದ್ದೇನೆ. ಎ.ಎಂ.ಒ. ಅಂತ ಇದ್ದರೆ ಅಳತೆಯನ್ನು ಬಿಲ್ಲು ತಯಾರಕರ ಒಕ್ಕೂಟದ ಕ್ರಮದಲ್ಲಿ ತೆಗೆದಿದ್ದಾರೆ ಅಂತ. ಐವತ್ತರ ದಶಕದ ಬಿಲ್ಲುಗಳ ಮೇಲೆ ಅದು ಕಾಣುವುದಿಲ್ಲ, ಹಾಗಾಗಿ ವರ್ಷ ಹುಡುಕಲೂ ಉಪಯೋಗ. ಹೆದೆ ಕೊಳ್ಳುವಾಗ ಬಿಲ್ಲಿನ ಉದ್ದದಲ್ಲಿ ಸುಮಾರು ನಾಲ್ಕು ಇಂಚು ಕಳೆಯಬೇಕು. 60 ಇಂಚಿನ ಬಿಲ್ಲಿಗೆ 56 ಇಂಚಿನ ಹೆದೆ.

ಬೇರ್ ಬಿಟ್ಟರೆ ಬೇರೆಯವರಿಲ್ಲ ಅಂತಲ್ಲ. ಅರ್ಕನ್ಸಾದ ಪೈನ್ ಬ್ಲಫ್‌ನಲ್ಲಿ ಬೆನ್ ಪಿಯರ್ಸನ್, ಟೆಕ್ಸಸ್‌ನಲ್ಲಿ ಬಾಬ್ ಲೀ ಅವರ ವಿಂಗ್, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಡೇಮನ್ ಹೋವಟ್. ಸಿಯರ್ಸ್‌ನಂಥ ದೊಡ್ಡ ಅಂಗಡಿಗಳು ಯಾರದೋ ಕೈಯಲ್ಲಿ ಮಾಡಿಸಿ ತಮ್ಮ ಹೆಸರು ಹಾಕಿ ಮಾರಿದ ಬಿಲ್ಲುಗಳೂ ಇವೆ. ನನಗೆ ಆ ಕೊನೆಯ ಜಾತಿಯ ಮೇಲೇ ಪ್ರೀತಿ. ಹೆಸರು ಸಹಾಯ ಮಾಡುವುದಿಲ್ಲ. ಆಗ ಹೆದೆ ಕೂರುವ ತುದಿಯ ಕಚ್ಚನ್ನು ಹೇಗೆ ಕೊರೆದಿದ್ದಾರೆ, ಹಿಡಿಯಲ್ಲಿ ಬೇರೆ ಬಣ್ಣದ ಮರದ ಪಟ್ಟಿ ಎಲ್ಲಿ ಸೇರಿಸಿದ್ದಾರೆ, ಬಾಣ ಕೂರುವ ಜಾಗ ಎಷ್ಟು ಆಳ, ಇವನ್ನೆಲ್ಲ ಗೊತ್ತಿರುವ ಬಿಲ್ಲುಗಳ ಪಕ್ಕ ಇಟ್ಟು ನೋಡಬೇಕು. ಮದುವೆ ಮನೆಯಲ್ಲಿ ಹುಡುಗನ ಮೂಗು ನೋಡಿ "ಇವನು ಇಂಥವರ ಮೊಮ್ಮಗ ಇರಬೇಕು" ಅನ್ನುತ್ತಾರಲ್ಲ, ಹಾಗೆ.

ಬೇಟೆಯ ಬಿಲ್ಲು, ಗುರಿಯಾಟದ ಬಿಲ್ಲು ಅಂತ ಗುರುತಿಸುವುದು ಸುಲಭ. ಗುರಿಯಾಟದ್ದು ಉದ್ದ, ಮಿಂಚುವ ಬಣ್ಣ. ಬೇಟೆಯದ್ದು ಗಿಡ್ಡ. ಕೋಡಿಯಾಕ್ ಮ್ಯಾಗ್ನಮ್ ಅನ್ನುವುದಂತೂ ಬರೀ 52 ಇಂಚು. ಪೊದೆಯೊಳಗೆ ತಿರುಗಲು ಬೇಕಲ್ಲ. ಬಣ್ಣ ಕಂದು, ಕಪ್ಪು, ಹಸಿರು. ಪಕ್ಕದಲ್ಲಿ ಬಾಣದ ಬತ್ತಳಿಕೆ ಸಿಕ್ಕಿಸಿದ್ದ ಸ್ಕ್ರೂ ತೂತು, ಹೊಳಪು ಮರೆಮಾಡಲು ಸುತ್ತಿದ್ದ ಟೇಪಿನ ಅಂಟು.

ಅಟ್ಟಕ್ಕೆ ಹೋದವು

ಇಷ್ಟೊಂದು ಬಿಲ್ಲುಗಳು ಗ್ಯಾರೇಜುಗಳಲ್ಲಿ ಯಾಕೆ ಸಿಗುತ್ತವೆ? ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಅನ್ನುವವರು ರಾಟೆ ಇರುವ ಕಾಂಪೌಂಡ್ ಬಿಲ್ಲು ಮಾಡಿದರು. 1969ರ ಕೊನೆಗೆ ಪೇಟೆಂಟ್ ಸಿಕ್ಕಿತು. ಪೂರ್ತಿ ಎಳೆದು ಹಿಡಿದಾಗ ಕೈಮೇಲೆ ಭಾರ ಕಮ್ಮಿಯಾಗುವ ಬಿಲ್ಲು ಬಂದ ಮೇಲೆ ಬೇಟೆಗಾರರು ಒಬ್ಬೊಬ್ಬರಾಗಿ ಅತ್ತ ಹೋದರು. ರಿಕರ್ವ್‌ಗಳು ಅಟ್ಟ ಸೇರಿದವು. ಯಾರೂ ಎಸೆಯಲಿಲ್ಲ, ಯಾರೂ ನೋಡಿಕೊಳ್ಳಲೂ ಇಲ್ಲ. ಹೆದೆ ಬಿಚ್ಚದೆ ಹಾಗೇ ಬಿಟ್ಟರು, ಮೂಲೆಯಲ್ಲಿ ಒರಗಿಸಿ ನಿಲ್ಲಿಸಿದರು. ಹೀಗೆ ನಿಂತ ಬಿಲ್ಲು ತನ್ನ ಭಾರವನ್ನೆಲ್ಲ ಒಂದು ತುದಿಯ ಮೇಲೆ ಹಾಕಿ, ವರ್ಷಗಳಲ್ಲಿ ತಿರುಚಿಕೊಳ್ಳುತ್ತದೆ. ಆದ್ದರಿಂದ ನಾನು ಬಿಲ್ಲು ಎತ್ತಿದ ತಕ್ಷಣ ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡುತ್ತೇನೆ. ಹೆದೆ ಇದ್ದರೆ ಅದು ಎರಡು ತೋಳುಗಳ, ಅಂದರೆ ಹಿಡಿಯ ಮೇಲಿನ ಮತ್ತು ಕೆಳಗಿನ ಬಾಗುವ ಭಾಗಗಳ, ನಡು ಮಧ್ಯೆ ಬರಬೇಕು. ಆಮೇಲೆ ಒಂದು ಚೂರು ಹತ್ತಿ ತೆಗೆದು ತೋಳಿನ ಅಂಚಿಗೆ ಸವರುತ್ತೇನೆ. ಫೈಬರ್‌ಗ್ಲಾಸು ಎಲ್ಲಾದರೂ ಸೀಳಿದ್ದರೆ ಹತ್ತಿಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನನ್ನ ಬೆರಳು ಉಳಿಯುತ್ತದೆ. ಉದ್ದಕ್ಕೆ ಕೂದಲೆಳೆಯಂಥ ಗೆರೆಗಳಿದ್ದರೆ ಅಷ್ಟು ಹೆದರಬೇಕಿಲ್ಲ. ಅಡ್ಡಗೆರೆ ಇದ್ದರೆ ಆ ಬಿಲ್ಲು ಗೋಡೆಗೆ. ಎಳೆಯಲು ಹೋಗಬಾರದು.

ಇನ್ನೊಂದು. ಹಳೇ ಬಿಲ್ಲಿಗೆ ಹೊಸ ಕಾಲದ ಹಿಗ್ಗದ ಹೆದೆ ಹಾಕಬೇಡಿ. ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ದಾರದ ಹೆದೆ ಸ್ವಲ್ಪ ಹಿಗ್ಗಿ ಹೊಡೆತವನ್ನು ತಾನು ತೆಗೆದುಕೊಳ್ಳುತ್ತದೆ. ಹೊಸದು ಆ ಹೊಡೆತವನ್ನು ಪೂರ್ತಿ ತುದಿಯ ಕಚ್ಚಿಗೆ ಕೊಡುತ್ತದೆ. ಆ ತುದಿಗಳನ್ನು ಇದಕ್ಕೆ ಅಂತ ಮಾಡಿದ್ದಲ್ಲ.

ನಾನೇ ಒಂದು ಬಿಲ್ಲನ್ನು ಕೊಂದಿದ್ದೇನೆ. ಜುಲೈ ತಿಂಗಳು, ಹಸಿರು ಗ್ಲಾಸಿನ ಒಂದು ಚೆಂದದ ಬಿಲ್ಲು ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಸ್ನೇಹಿತರ ಮನೆಗೆ ಹೋದೆ. ಊಟ, ಹರಟೆ, ಇನ್ನೊಂದು ಸುತ್ತು ಹರಟೆ. ವಾಪಸ್ ಬಂದು ನೋಡಿದರೆ ಮೇಲಿನ ತೋಳಿನಲ್ಲಿ ಅಂಟು ಬಿಟ್ಟು ಗ್ಲಾಸು ಬಾಳೆಸಿಪ್ಪೆಯ ಹಾಗೆ ಎದ್ದಿತ್ತು. ಐವತ್ತು ವರ್ಷ ಯಾರದೋ ಅಟ್ಟದಲ್ಲಿ ಉಳಿದಿದ್ದು ನನ್ನ ಕೈಯಲ್ಲಿ ಒಂದು ಮಧ್ಯಾಹ್ನ ಉಳಿಯಲಿಲ್ಲ.

ಸ್ಕ್ರೂ ತೂತು ಇದ್ದರೆ, ಮಾಲೀಕ ಹೆಸರು ಕೆತ್ತಿದ್ದರೆ ಬೆಲೆ ಕಮ್ಮಿ. ನನಗೆ ಅಂಥದ್ದೇ ಇಷ್ಟ. ತಡೆಯಲಾಗದ್ದು ಒಂದೇ, ಹಳೇ ಮೈಯನ್ನೆಲ್ಲ ಉಜ್ಜಿ ತೆಗೆದು ಹೊಸ ವಾರ್ನಿಷ್ ಬಳಿಯುವುದು. ಕೈ ತಾಗಿ ತಾಗಿ ಕಪ್ಪಾದ ಹಿಡಿ, ಸವೆದ ಅಕ್ಷರ, ಎಲ್ಲ ಹೋಗಿ ಬಿಲ್ಲು ಫರ್ನಿಚರ್ ಆಗುತ್ತದೆ. ಓದಲು ಏನೂ ಉಳಿಯುವುದಿಲ್ಲ.

ಉಲ್ಟಾ ಹೆದೆ

ಹೋದ ವರ್ಷ ಸೆಪ್ಟೆಂಬರ್ ಕೊನೆಯ ವಾರ. ಅಕ್ಟೋಬರ್ 1ಕ್ಕೆ ಇಲ್ಲಿ ಜಿಂಕೆಗೆ ಬಿಲ್ಲಿನ ಬೇಟೆ ಶುರು, ಅದಕ್ಕೇ ಆ ವಾರ ಜನ ಅಟ್ಟದಿಂದ ಬಿಲ್ಲು ಇಳಿಸಿ ಮಾರಲು ಇಡುತ್ತಾರೆ. ಒಂದು ಮನೆಯ ಮುಂದೆ ಟೇಬಲ್ ಮೇಲೆ ಕೋಡಿಯಾಕ್ ಇತ್ತು. ಕಾರಿನಿಂದಲೇ ನೋಡಿ ಎದೆ ಧಸಕ್ಕೆಂದಿತು. ಹೆದೆಯನ್ನು ಉಲ್ಟಾ ಏರಿಸಿದ್ದರು.

ರಿಕರ್ವ್ ಬಿಲ್ಲಿಗೆ ಹೆದೆ ಇಲ್ಲದಾಗ ತುದಿಗಳು ಹೊರಗೆ, ಬೇಟೆಗಾರನಿಂದ ಆಚೆಗೆ ಬಾಗಿರುತ್ತವೆ. ಅದನ್ನು ವಿರುದ್ಧಕ್ಕೆ ಬಗ್ಗಿಸಿಯೇ ಹೆದೆ ಏರಿಸಬೇಕು. ಗೊತ್ತಿಲ್ಲದವರು ಅದು ಈಗಾಗಲೇ ಬಾಗಿರುವ ಕಡೆಗೇ ಇನ್ನಷ್ಟು ಬಗ್ಗಿಸಿ ಕಟ್ಟಿಬಿಡುತ್ತಾರೆ. ನೋಡಲು ಮಕ್ಕಳ ಚಿತ್ರದ ಬಿಲ್ಲಿನ ಹಾಗೇ ಕಾಣುತ್ತದೆ. ಸೀತಾಸ್ವಯಂವರದ ಪ್ರಸಂಗ ಎಷ್ಟು ಸಲ ನೋಡಿದ್ದೇನೋ, ಶಿವಧನುಸ್ಸನ್ನು ಎತ್ತಲಾಗದೆ ಸೋತವರನ್ನೆಲ್ಲ ನೋಡಿ ನಕ್ಕಿದ್ದೇನೆ. ಯಾವ ಕಡೆಗೆ ಬಗ್ಗಿಸಬೇಕು ಅಂತ ಅವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ!

ಮನೆಯಾಕೆಗೆ ಎಪ್ಪತ್ತರ ಮೇಲಾಗಿತ್ತು. ತಮ್ಮ ತಂದೆಯ ಬಿಲ್ಲು ಅಂದರು. ಚೆನ್ನಾಗಿ ಕಾಣಲಿ ಅಂತ ನಿನ್ನೆ ರಾತ್ರಿ ಅಳಿಯನ ಕೈಲಿ ಕಟ್ಟಿಸಿದ್ದಂತೆ. ನಾನು ಮಾತು ಮುಗಿಸುವ ಮುಂಚೆ ಅಳಿಯ ಕತ್ತರಿ ತಂದಾಗಿತ್ತು. ಬೇಡ ಅಂತ ಕೂಗಿಕೊಂಡೆ. ಬಿಗಿದ ಹೆದೆ ಕತ್ತರಿಸಿದರೆ ಬಾಣವಿಲ್ಲದೆ ಬಿಟ್ಟಂತೆ, ತೋಳು ಸೀಳಿ ಮುಖಕ್ಕೆ ಬಂದರೂ ಬಂತು. ಕೆಳಗಿನ ತುದಿಯನ್ನು ಬೂಟಿನ ಮೇಲಿಟ್ಟು, ಹಿಡಿಯನ್ನು ಮಂಡಿಗೆ ಒತ್ತಿ, ಮೇಲಿನ ತೋಳನ್ನು ನಿಧಾನಕ್ಕೆ ಬಗ್ಗಿಸಿದೆ. ಒಳಗೆಲ್ಲೋ ಕಿರ್ ಅಂತ ಒಂದು ಸಣ್ಣ ಸದ್ದು. ಆಕೆ ಎರಡು ಬೆರಳಲ್ಲಿ ಕುಣಿಕೆಯನ್ನು ಕಚ್ಚಿನಿಂದ ಜಾರಿಸಿದರು. ಬಿಟ್ಟೆ. ಬಿಲ್ಲು ಮೈಮುರಿದ ಹಾಗೆ ತನ್ನ ಆಕಾರಕ್ಕೆ ಬಂತು. ಕೆಳಗಿನ ತೋಳಿನ ಅಂಚಿನಲ್ಲಿ ಎರಡು ಇಂಚು ಗ್ಲಾಸು ಎದ್ದಿತ್ತು.

75 ಡಾಲರ್ ಚೀಟಿ ಅಂಟಿಸಿದ್ದರು. ಇದು ಸರಿಯಾಗಿದ್ದರೆ ಇದಕ್ಕಿಂತ ತುಂಬಾ ಜಾಸ್ತಿ ಬೆಲೆ, ಈಗ ಗೋಡೆಗೆ ತೂಗುಹಾಕಲು ಮಾತ್ರ ಅಂತ ಇದ್ದದ್ದನ್ನು ಹೇಳಿದೆ. ಆಕೆಗೆ ಬೆಲೆಯ ಚಿಂತೆ ಇರಲಿಲ್ಲ. "ಇದರ ಮೇಲೆ 1953 ಅಂತ ಇದೆ ನೋಡಿ" ಅಂದರು. ತಾನು ಹುಟ್ಟಿದ್ದು 1954ರ ಜನವರಿ. ಅದಕ್ಕೆ ಮುಂಚಿನ ಅಕ್ಟೋಬರಿನಲ್ಲಿ ಅಪ್ಪ ಈ ಬಿಲ್ಲಿನಲ್ಲಿ ಜಿಂಕೆ ಹೊಡೆದು, ಬಸುರಿ ಅಮ್ಮನಿಗೆ ಚಳಿಗಾಲವಿಡೀ ಮಾಂಸ ಆಯಿತು, "ನೀನು ಹುಟ್ಟುವ ಮೊದಲೇ ಈ ಬಿಲ್ಲು ನಿನಗೆ ಊಟ ಹಾಕಿತ್ತು" ಅಂತ ಹೇಳುತ್ತಿದ್ದರಂತೆ.

ನನ್ನ ಹೆಬ್ಬೆರಳು ಅಷ್ಟು ಹೊತ್ತಿಗೆ ಬಿಲ್ಲೆಯ ಮೇಲಿತ್ತು.

ಸುಮ್ಮನಿರಬಹುದಿತ್ತು. ಹೆಂಡತಿ ಆಮೇಲೆ ಅದನ್ನೇ ಕೇಳಿದಳು, "ನಿಮಗ್ಯಾಕೆ ಬೇಕಿತ್ತು?" ಅಂತ. ಆದರೆ ಹೇಳಿಬಿಟ್ಟೆ. ಈ ಬಿಲ್ಲು 59ಕ್ಕಿಂತ ಮುಂಚಿನದ್ದಲ್ಲ, ಅದು ಪೇಟೆಂಟಿನ ವರ್ಷ. ಅಜ್ಜ ನನಗೆ ಹೇಳಿದ ಅದೇ ಮಾತು, ಅದೇ ಉತ್ಸಾಹದಲ್ಲಿ. ಆಕೆ ಬಿಲ್ಲು ತೆಗೆದುಕೊಂಡು ಸಾಲನ್ನು ಓದಿದರು. ಮತ್ತೆ ಓದಿದರು. "ಹಾಗಾದರೆ ಅಪ್ಪ ಸುಳ್ಳು ಹೇಳಿದ್ದಾ?" ಅಂದರು, ನನ್ನನ್ನಲ್ಲ, ಬಿಲ್ಲನ್ನು ಕೇಳುವ ಹಾಗೆ. ನನಗೆ ಏನು ಹೇಳಲೂ ತೋಚಲಿಲ್ಲ. ದುಡ್ಡು ಕೊಟ್ಟೆ. ಏನೋ ಅನಿಸಿ ನನ್ನ ನಂಬರನ್ನೂ ಬರೆದು ಕೊಟ್ಟೆ. ಮನೆವರೆಗೂ ಕಾರಿನ ಕಿಟಕಿ ಇಳಿಸಿ, ಬಿಲ್ಲಿಗೆ ಗಾಳಿಯಾಡಿಸಿಕೊಂಡು ಬಂದೆ. ತಣ್ಣನೆಯ ದಿನ, ಅದರ ಅವಶ್ಯಕತೆ ಇರಲಿಲ್ಲ.

ಆರು ವಾರದ ಮೇಲೆ ಆಕೆಯ ಫೋನ್ ಬಂತು. ತಂದೆಯ ತಂಗಿ ಇನ್ನೂ ಇದ್ದಾರೆ, ತೊಂಬತ್ತರ ಹತ್ತಿರ. ಆ ಅತ್ತೆಯನ್ನು ಕೇಳಿದರಂತೆ. ಅತ್ತೆ ಜೋರಾಗಿ ನಕ್ಕರಂತೆ. ಜಿಂಕೆಯದ್ದು ಸತ್ಯ, ಬಿಲ್ಲು ಬೇರೆ. ಆ ಬಿಲ್ಲು ಆ ವರ್ಷದ ಕ್ರಿಸ್‌ಮಸ್‌ನಲ್ಲೇ ಮುರಿಯಿತು. ಕುಡಿದ ಚಿಕ್ಕಪ್ಪ ಒಬ್ಬರು ಪಂಥ ಕಟ್ಟಿ ಹೆದೆ ಏರಿಸಲು ಹೋಗಿ, ಉಲ್ಟಾ ಬಗ್ಗಿಸಿ, ಎಲ್ಲರ ಮುಂದೆ ಎರಡು ತುಂಡು ಮಾಡಿದ್ದರು. ಹೊಸದು ಬಂದಿದ್ದು ಎಷ್ಟೋ ವರ್ಷದ ಮೇಲೆ. ಕಥೆ ಮಾತ್ರ ಹಳೇ ಬಿಲ್ಲಿನಿಂದ ಹೊಸದಕ್ಕೆ ಬಂದು ಕೂತಿತ್ತು.

ಮುರಿದಾಗ ಒಳಗೆ ಏನು ಕಂಡಿತು ಅಂತ ಅತ್ತೆಯನ್ನು ಕೇಳಿ ಅಂದೆ. ಯಾಕೆ ಕೇಳಿದೆನೋ, ಅಭ್ಯಾಸ ಬಲ. ಮಾರನೇ ದಿನ ಉತ್ತರ ಬಂತು. ಮರದ ಜೊತೆ ತಗಡಿನ ಹಾಗೆ ಹೊಳೆಯುವ ಒಂದು ಪಟ್ಟಿ. ಕುರ್ಚಿಯಿಂದ ಎದ್ದುಬಿಟ್ಟೆ. ಬೇರ್‌ನವರು ಬಿಲ್ಲಿನ ತೋಳಿನೊಳಗೆ ಅಲ್ಯೂಮಿನಿಯಂ ಪಟ್ಟಿ ಹಾಕಿದ್ದು 1949ರಿಂದ ಎರಡು ಮೂರು ವರ್ಷ ಮಾತ್ರ. ನಾನು ಕಣ್ಣಾರೆ ಕಂಡಿದ್ದು ಒಂದೇ ಒಂದು, ಅದೂ ಅಜ್ಜನ ಬಳಿ. ಅಂದರೆ ಮುರಿದ ಬಿಲ್ಲು ಆ ಜಿಂಕೆಗಿಂತ ಹಳೆಯದೇ. ಈ ಸಲ ನಾನು ಫೋನ್ ಮಾಡಿ ಹೇಳಿದ್ದು ಆಕೆಗೆ ಇಷ್ಟವಾಗುವ ವರ್ಷ.

ಆ ತುಂಡುಗಳು ಏನಾದವು ಅಂತ ಕೊನೆಗೆ ಕೇಳಿಯೇ ಕೇಳಿದೆ. ಒಂದು ತುಂಡನ್ನು ಅತ್ತೆಯೇ ತಂದು ಟೊಮ್ಯಾಟೊ ಗಿಡಕ್ಕೆ ಆನಿಕೆ ಕೊಟ್ಟಿದ್ದರಂತೆ, ಮೂರು ನಾಲ್ಕು ಬೇಸಿಗೆ. ಇನ್ನೊಂದು ಚಿಕ್ಕಪ್ಪನ ಮನೆಯಲ್ಲಿ ಕಿಟಕಿ ಬೀಳದಂತೆ ತಡೆಯಲು ಸಿಕ್ಕಿಸಿದ್ದರು. ಆ ಮನೆ ಈಗ ಇಲ್ಲ.